ನಾವು ಬಿಟ್ಟ ಆ ಎರಡು

ಈ ಲೇಖನ ಒಂದು ತಪ್ಪಿನ ಬಗ್ಗೆ. ತಪ್ಪು ಬಹಳ ಸಣ್ಣದು. ಕಂಸದ ತಲೆಯ ಮೇಲೆ ಬರೆಯಬೇಕಿದ್ದ ಒಂದು ಪುಟ್ಟ ಎರಡನ್ನು ನಾವು ಬರೆಯಲಿಲ್ಲ. ಟೆಸ್ಟಿನಲ್ಲಿ ಅದಕ್ಕೆ ಹೋದದ್ದು ಒಂದೇ ಮಾರ್ಕು. ಆದರೆ ಇಳಕಲ್ಲಿನ ಒಂದು ಮನೆಯಲ್ಲಿ ಮೂರು ವಾರ ಬೇಳೆ ಯಾವ ನೀರಿನಲ್ಲಿ ಬೇಯಬೇಕು ಅನ್ನುವುದನ್ನು ಅದೇ ತಪ್ಪು ತೀರ್ಮಾನಿಸಿತು. ಹಾಗಾಗಿ ಬರೆದಿಡುತ್ತಿದ್ದೇವೆ.

ನಾವು ನಾಲ್ವರು. ಬಾಗಲಕೋಟೆಯವನೊಬ್ಬ, ಬಾದಾಮಿಯವನೊಬ್ಬ, ಹುನಗುಂದದವಳೊಬ್ಬಳು, ಇಳಕಲ್ಲಿನವನೊಬ್ಬ. ಕ್ಯಾಂಪಸ್ಸಿನಲ್ಲಿ ನಮಗೆ ಊರೇ ಹೆಸರು. ಹಾಜರಿ ಪುಸ್ತಕ ಬಿಟ್ಟರೆ ಅಪ್ಪ ಅವ್ವ ಇಟ್ಟ ಹೆಸರಿನಿಂದ ನಮ್ಮನ್ನು ಯಾರೂ ಕರೆಯುವುದಿಲ್ಲ. ಬಾಗಲಕೋಟೆ ಮನೆಯಿಂದ ಬರುತ್ತಾನೆ, ಉಳಿದ ಮೂವರು ಹಾಸ್ಟೆಲ್ಲು. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾಲ್ವರಿಗೂ ಒಂದೇ ಟೇಬಲ್ ಬಂತು, ಅಲ್ಲಿಂದ ಗೆಳೆತನ ಶುರು.

ಇಳಕಲ್ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾನೆ. ಫೋಟೋ ತೆಗೆಯುವಾಗ ತುಟಿ ಬಿಗಿ ಹಿಡಿಯುತ್ತಾನೆ. ಅವನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡ ಗೆರೆಗಳಿವೆ, ನಡುನಡುವೆ ಸುಣ್ಣ ಬಳಿದಂಥ ಬಿಳಿ ಕಲೆ. ಮೊದಲ ತಿಂಗಳು ನಾವು ಮೂವರೂ ಅವನನ್ನು ಕಾಡಿಸಿದೆವು. "ಲೇ, ಗುಟ್ಕಾ ಬಿಡೋ ಮಾರಾಯಾ" ಅಂತ ಕ್ಯಾಂಟೀನಿನಲ್ಲಿ ನಾಲ್ಕು ಮಂದಿ ಕೇಳುವಂತೆ ಅಂದೆವು. ಅವನು ನಗುತ್ತಿದ್ದ, ಕೈ ಅಡ್ಡ ಇಟ್ಟುಕೊಂಡು.

ಒಂದು ರಾತ್ರಿ ಹಾಸ್ಟೆಲ್ಲಿನ ಟೆರೇಸಿನ ಮೇಲೆ ಅವನೇ ಹೇಳಿದ: "ಗುಟ್ಕಾ ಅಲ್ಲೋ. ನೀರು. ನಮ್ಮ ಓಣಿಯೊಳಗ ಬೋರಿನ ನೀರು ಕುಡದು ಬೆಳದವರ್ದು ಸುಮಾರು ಮಂದೀದು ಹಿಂಗ ಐತಿ."

ಆಮೇಲೆ ನಾವು ಆ ಮಾತು ಆಡಲಿಲ್ಲ. ಆದರೆ ಆಡಿದ ಮಾತು ಎಲ್ಲಿಗೆ ಹೋಗುತ್ತದೆ?

ದೀಪಾವಳಿ ಕಳೆದ ಮೇಲೆ ಅವನ ಅವ್ವ ಫೋನ್ ಮಾಡಿದ್ದರು. ಅವನ ಅಕ್ಕ ಎರಡು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು, ಇನ್ನೂ ಕೆಲವು ತಿಂಗಳು ಇರುವವಳು. ಓಣಿಯ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡಿ, "ಕುಡಿಯಾಕ ಅಷ್ಟ ಅಲ್ಲರಿ, ಅಡಿಗಿಗೂ ಬೋರಿನ ನೀರು ಹಾಕಬ್ಯಾಡ್ರಿ, ಫಿಲ್ಟರ್ ನೀರ ತರ್ರಿ" ಅಂದು ಹೋಗಿದ್ದಳು. ಕುಡಿಯುವುದಕ್ಕೆ ಮೊದಲಿನಿಂದಲೂ ಕ್ಯಾನ್ ನೀರೇ. ಆದರೆ ಅಡಿಗೆಗೂ ಅಂದರೆ ದಿನಕ್ಕೆ ಇನ್ನೊಂದು ಕ್ಯಾನು. ಮನೆಯಲ್ಲಿ ಗಂಡಸರು ಅಂತ ಇರುವವರು ಬೆನ್ನುನೋವಿನ ಅಪ್ಪ ಒಬ್ಬರೇ. ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತರುವವರು ಅವ್ವ. ಮೇಲೆ ಅಜ್ಜಿಯ ತಕರಾರು ಬೇರೆ: "ನಮ್ಮ ಬೋರಿನ ನೀರು ಸೀನೀರು. ಬ್ಯಾಳಿ ಬೆಣ್ಣಿಹಂಗ ಬೇಯತೈತಿ, ಸಾಬಾನ ಹಚ್ಚಿದ್ರ ನೊರಿ ಬರತೈತಿ. ಇದಕ್ಕೇನಾಗೇತಿ ಧಾಡಿ?"

ಅವ್ವ ಮಗನಿಗೆ ಕೇಳಿದ್ದು ಇಷ್ಟೇ: "ನೀ ಇಂಜಿನಿಯರಿಂಗ ಓದಾಕತ್ತೀಯಲ್ಲ, ಆಕಿ ಹೇಳೂದು ಖರೇ ಏನು?"

ಅವನು ನಮ್ಮನ್ನು ಕೇಳಿದ. ನಮಗೆ ಖುಷಿಯಾಯಿತು. ಓದಿದ್ದು ಒಂದು ಮನೆಗೆ ಉಪಯೋಗಕ್ಕೆ ಬರುವ ಮೊದಲ ಸಂದರ್ಭ ಅದು.

ಪಿಯುಸಿ ಮೊದಲ ವರ್ಷದ ಸಮತೋಲನ ಅಧ್ಯಾಯ ನೆನಪಿದೆಯಲ್ಲ? ಕೊನೆಯಲ್ಲಿ ಬರುವ ಸಾಲ್ಯುಬಿಲಿಟಿ ಪ್ರಾಡಕ್ಟ್, ಅಂದರೆ ವಿಲೇಯತಾ ಗುಣಲಬ್ಧ. ನಾವೆಲ್ಲ ಕರೆಯುವುದು ಕೆಎಸ್‌ಪಿ ಅಂತ. ಉಪ್ಪು, ಸಕ್ಕರೆಯಂಥವು ನೀರಿನಲ್ಲಿ ಧಾರಾಳವಾಗಿ ಕರಗುತ್ತವೆ. ಕೆಲವು ಲವಣಗಳು ಮಾತ್ರ ಜಿಪುಣರು. ಒಂದಿಷ್ಟೇ ಕರಗಿ ನಿಂತುಬಿಡುತ್ತವೆ, ಉಳಿದದ್ದು ತಳದಲ್ಲಿ ಹಾಗೇ ಕೂರುತ್ತದೆ. ಹಾಗೆ ಕೂತಾಗ ಕರಗುವುದು ನಿಂತಿತು ಅಂತಲ್ಲ. ಎಷ್ಟು ಅಯಾನುಗಳು ಹರಳಿನಿಂದ ನೀರಿಗೆ ಇಳಿಯುತ್ತವೋ ಅಷ್ಟೇ ವಾಪಸ್ಸು ಹರಳಿಗೆ ಹತ್ತುತ್ತವೆ. ಆ ಹೊತ್ತಿನಲ್ಲಿ ನೀರಿನಲ್ಲಿರುವ ಅಯಾನುಗಳ ಸಾರತೆಗಳನ್ನು ಒಂದು ಕ್ರಮದಲ್ಲಿ ಗುಣಿಸಿದರೆ ಬರುವ ಸಂಖ್ಯೆ, ಉಷ್ಣತೆ ಬದಲಾಗದಿದ್ದರೆ, ಬದಲಾಗುವುದಿಲ್ಲ. ಅದೇ ಕೆಎಸ್‌ಪಿ.

ಕ್ಯಾಲ್ಸಿಯಂ ಫ್ಲೋರೈಡಿನ ಕೆಎಸ್‌ಪಿ ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ ಇರುತ್ತದೆ. ನಾವು ಹಿಡಿದದ್ದು 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 3.45 × 10⁻¹¹. ಹಾಸ್ಟೆಲ್ಲಿನ ಮಂಚದ ಮೇಲೆ ಕೂತು, ಒಂದು ಅಸೈನ್‌ಮೆಂಟ್ ಹಾಳೆಯ ಬೆನ್ನಿನ ಮೇಲೆ ಬರೆದೆವು:

ಕೆಎಸ್‌ಪಿ = [ಕ್ಯಾಲ್ಸಿಯಂ] × [ಫ್ಲೋರೈಡ್]

ವರ್ಗಮೂಲ ತೆಗೆದೆವು. 5.9 × 10⁻⁶ ಮೋಲ್ ಬಂತು. ಫ್ಲೋರೀನಿನ ಪರಮಾಣು ತೂಕ 19ರಿಂದ ಗುಣಿಸಿದರೆ ಲೀಟರಿಗೆ 0.11 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ. ವಿಶ್ವ ಆರೋಗ್ಯ ಸಂಸ್ಥೆಯದೂ 1.5. ನಮ್ಮ ಲೆಕ್ಕ ಅದರ ಹತ್ತಿರಕ್ಕೂ ಹೋಗಲಿಲ್ಲ. ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಫ್ಲೋರೈಡ್ ಎಷ್ಟೇ ಕರಗಿದರೂ ಇಷ್ಟೇ ಅಂದಮೇಲೆ ಇನ್ನೇನು?

"ಆಂಟಿ, ಏನೂ ತ್ರಾಸಿಲ್ಲ. ಲೆಕ್ಕಾ ಮಾಡಿ ನೋಡೀವಿ. ಅಡಿಗಿಗೆ ಬೋರಿನ ನೀರು ನಡೀತೈತಿ" ಅಂತ ಸ್ಪೀಕರ್ ಫೋನಿನಲ್ಲಿ ಹೇಳಿದವರು ನಾವೇ. ಆ ಕಡೆ ಅವ್ವನಿಗೆ ಹಗುರವಾದದ್ದು ದನಿಯಲ್ಲೇ ಗೊತ್ತಾಯಿತು. "ಚಲೋ ಆತು ಬಿಡ್ರಪಾ. ಕಲತವರು ಹೇಳಿದ ಮ್ಯಾಲ ಮುಗೀತು."

ಈ ಹುಡುಗನ ಹಲ್ಲು ನಮ್ಮ ಕಣ್ಣೆದುರೇ ಇತ್ತು. ಆದರೂ ನಾವು ಹಾಳೆಯನ್ನೇ ನಂಬಿದೆವು. ಅದು ಯಾಕೆ ಅಂತ ಇವತ್ತಿಗೂ ನಮಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಮೂರು ವಾರದ ಮೇಲೆ, ನೀರಿನ ಅಧ್ಯಾಯ ಶುರು ಮಾಡುವ ಮುಂಚೆ, ಪಿಯುಸಿಯದು ಎಷ್ಟು ನೆನಪಿದೆ ನೋಡೋಣ ಅಂತ ಮೇಡಂ ಹತ್ತು ಮಾರ್ಕಿನ ಟೆಸ್ಟ್ ಕೊಟ್ಟರು. ನಾಲ್ಕನೇ ಪ್ರಶ್ನೆ: ಈ ಕೆಳಗಿನ ಲವಣಗಳಿಗೆ ವಿಲೇಯತಾ ಗುಣಲಬ್ಧದ ಸೂತ್ರ ಬರೆಯಿರಿ. ಸಿಲ್ವರ್ ಕ್ಲೋರೈಡ್, ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಯಾಲ್ಸಿಯಂ ಫ್ಲೋರೈಡ್. ಕೊನೆಯದಕ್ಕೆ ಫ್ಲೋರೈಡಿನ ಪ್ರಮಾಣವನ್ನೂ ಲೆಕ್ಕ ಹಾಕಿ ಅಂತ ಇತ್ತು. ನಾವು ನಾಲ್ವರೂ ಮೊದಲೇ ಮಾಡಿದ ಲೆಕ್ಕ, ಟಕಟಕ ಬರೆದು ಕೊಟ್ಟೆವು.

ಪೇಪರ್ ವಾಪಸ್ಸು ಕೊಡುವಾಗ ಮೇಡಂ ನಮ್ಮ ಟೇಬಲ್ಲಿನ ಹತ್ತಿರ ನಿಂತರು. ನಾಲ್ಕೂ ಪೇಪರಿನಲ್ಲಿ ಒಂದೇ ಜಾಗದಲ್ಲಿ ಕೆಂಪು ಸುತ್ತು. "ನೀವು ಬರದಿದ್ದು ಖರೇ ಇದ್ರ, ಭೂಮಿ ಮ್ಯಾಲ ಫ್ಲೋರೋಸಿಸ್ ಅನ್ನೂದ ಇರಬಾರದಿತ್ತಲ್ಲ?" ಅಂದರು. ಸಿಟ್ಟಿನಿಂದ ಅಲ್ಲ, ತಮಾಷೆಗೆ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಈ ಕಾಯಿಲೆಯ ವರದಿ 1937ರಲ್ಲೇ ಬಂದಿತ್ತು ಅಂತ ಹೇಳಿ ಮುಂದಿನ ಟೇಬಲ್ಲಿಗೆ ಹೋದರು. ಇಳಕಲ್ ಪೇಪರು ಮಡಚಿ ಕಿಸೆಯಲ್ಲಿಟ್ಟುಕೊಂಡ. ನಮ್ಮ ಮೂವರ ಮುಖ ನೋಡಲಿಲ್ಲ.

ಆ ಸಂಜೆ ಮೊದಲ ಸಲ ಆ ಸೂತ್ರವನ್ನು ಮಾರ್ಕಿಗಾಗಿ ಅಲ್ಲದೆ ಕೂತು ಬರೆದೆವು. ಬರೆಯುವ ಕ್ರಮ ಕಷ್ಟದ್ದಲ್ಲ. ಮೊದಲು ಲವಣ ನೀರಿನಲ್ಲಿ ಒಡೆದರೆ ಯಾವ ಅಯಾನು ಎಷ್ಟು ಬರುತ್ತವೆ ಅಂತ ಸಮೀಕರಣ ಬರೆದು ಸರಿದೂಗಿಸಬೇಕು. ಆಮೇಲೆ ಒಂದೊಂದು ಅಯಾನಿನ ಸಾರತೆಯನ್ನು ಚೌಕ ಕಂಸದಲ್ಲಿ ಬರೆಯಬೇಕು. ಸಮೀಕರಣದಲ್ಲಿ ಅದರ ಮುಂದೆ ಎಷ್ಟಿದೆಯೋ ಅದನ್ನು ಘಾತವಾಗಿ ತಲೆಯ ಮೇಲೆ ಹಾಕಬೇಕು. ಎಲ್ಲ ಗುಣಿಸಬೇಕು. ತಳದಲ್ಲಿ ಕೂತ ಘನ ಲವಣವನ್ನು ಮಾತ್ರ ಬರೆಯಬಾರದು. ಅದು ಹಿಡಿಯಷ್ಟಿರಲಿ, ಇಳಕಲ್ಲಿನ ಗುಡ್ಡದಷ್ಟಿರಲಿ, ನೀರಿನ ಲೆಕ್ಕಕ್ಕೆ ಎರಡೂ ಒಂದೇ.

ಸಿಲ್ವರ್ ಕ್ಲೋರೈಡಿನಲ್ಲಿ ಒಂದಕ್ಕೆ ಒಂದು. ಹಾಗಾಗಿ [ಸಿಲ್ವರ್] × [ಕ್ಲೋರೈಡ್]. ಕ್ಯಾಲ್ಸಿಯಂ ಕಾರ್ಬೊನೇಟೂ ಹಾಗೇ. ಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಮೂರು ಕ್ಯಾಲ್ಸಿಯಂಗೆ ಎರಡು ಫಾಸ್ಫೇಟು. ಆದ್ದರಿಂದ [ಕ್ಯಾಲ್ಸಿಯಂ]³ × [ಫಾಸ್ಫೇಟ್]². ಕ್ಯಾಲ್ಸಿಯಂ ಫ್ಲೋರೈಡಿನಲ್ಲಿ ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರೈಡು:

ಕೆಎಸ್‌ಪಿ = [ಕ್ಯಾಲ್ಸಿಯಂ] × [ಫ್ಲೋರೈಡ್]²

ಘಾತ ಯಾಕೆ ಅಂತ ಬಾದಾಮಿ ಕೇಳಿದ. ಹುನಗುಂದದವಳ ಮನೆಯಲ್ಲಿ ಒಕ್ಕಲುತನ. ಅವಳು ಹೇಳಿದಳು: "ಒಂದ ನೊಗಕ್ಕ ಎರಡ ಎತ್ತು ಬೇಕಲ್ಲ, ಹಂಗ ತಿಳಕೋ. ಜಾತ್ರಿಯೊಳಗ ಎತ್ತು ದುಪ್ಪಟ್ಟಾದ್ರ ಎಡಗೋಲಿಗೆ ಎತ್ತು ಸಿಗೂ ಅವಕಾಶನೂ ದುಪ್ಪಟ್ಟು, ಬಲಗೋಲಿಗೆ ಸಿಗೂದೂ ದುಪ್ಪಟ್ಟು. ಜೋಡಿ ಕೂಡೂದು ನಾಕು ಪಟ್ಟು." ಕ್ಯಾಲ್ಸಿಯಂ ನೊಗ, ಫ್ಲೋರೈಡ್ ಎತ್ತು. ಹರಳು ಮತ್ತೆ ಕಟ್ಟಬೇಕಾದರೆ ಒಂದು ನೊಗದ ಹತ್ತಿರ ಎರಡೂ ಎತ್ತು ಬಂದು ಸೇರಬೇಕು. ಅದಕ್ಕೇ ವರ್ಗ. ಎರಡು ವರ್ಷ ಬಾಯಿಪಾಠ ಮಾಡಿದ್ದು ಆ ಒಂದು ಮಾತಿಗೆ ತಲೆಯೊಳಗೆ ಕೂತಿತು.

ಇನ್ನೊಂದು ಗೊಂದಲ ಉಳಿದಿತ್ತು. ಕರಗಿದ ಲವಣವನ್ನು ಎಸ್ ಅಂದುಕೊಂಡರೆ ಕ್ಯಾಲ್ಸಿಯಂ ಎಸ್, ಫ್ಲೋರೈಡ್ 2ಎಸ್. ಸೂತ್ರದಲ್ಲಿ ಅದು ಎಸ್ × (2ಎಸ್)², ಅಂದರೆ 4ಎಸ್³. "ಒಂದ ಎರಡನ್ನ ಎರಡ ಸಲ ಯಾಕ ಎಣಸ್ಬೇಕು?" ಅನ್ನುವುದು ಬಾಗಲಕೋಟೆಯ ಪ್ರಶ್ನೆ. ಅವೆರಡೂ ಒಂದೇ ಎರಡು ಅಲ್ಲ ಅನ್ನುವುದು ಉತ್ತರ. ಒಳಗಿನ ಎರಡು, ಒಂದು ಲವಣ ಒಡೆದರೆ ಎಷ್ಟು ಫ್ಲೋರೈಡ್ ಹೊರಗೆ ಬಂತು ಅನ್ನುವ ಎಣಿಕೆ. ಮೇಲಿನ ಎರಡು, ವಾಪಸ್ಸು ಹೋಗಲು ಎಷ್ಟು ಕೂಡಬೇಕು ಅನ್ನುವ ನಿಯಮ. ನೀರಿನಲ್ಲಿರುವ ಫ್ಲೋರೈಡನ್ನು ಅಳೆದೇ ತಂದಿದ್ದರೆ ಒಳಗಿನ ಎರಡು ಬೇಕಿಲ್ಲ, ಅಳೆದದ್ದನ್ನು ನೇರ ಹಾಕಿದರಾಯಿತು. ಮೇಲಿನ ಎರಡನ್ನು ಮಾತ್ರ ಯಾವ ಕಾಲಕ್ಕೂ ಬಿಡುವಂತಿಲ್ಲ.

ಲೆಕ್ಕ ಮತ್ತೆ ಮಾಡಿದೆವು. ಎಸ್ ಬಂದದ್ದು 2.05 × 10⁻⁴. ಫ್ಲೋರೈಡ್ ಅದರ ದುಪ್ಪಟ್ಟು. ಲೀಟರಿಗೆ 7.8 ಮಿಲಿಗ್ರಾಂ.

0.11 ಎಲ್ಲಿ, 7.8 ಎಲ್ಲಿ? ಎಪ್ಪತ್ತು ಪಟ್ಟು ವ್ಯತ್ಯಾಸ. ಮಿತಿಗಿಂತ ಎಷ್ಟೋ ಕೆಳಗಿದ್ದ ನೀರು ಮಿತಿಯ ಐದು ಪಟ್ಟು ಮೇಲೆ ಹೋಯಿತು. ನಾವು ಬಿಟ್ಟದ್ದು ಒಂದು ಪುಟ್ಟ ಎರಡು.

ಇದೇ ಕಾರಣಕ್ಕೆ ಬರೀ ಕೆಎಸ್‌ಪಿ ಅಂಕಿ ನೋಡಿ ಯಾವುದು ಹೆಚ್ಚು ಕರಗುತ್ತದೆ ಅಂತ ಹೇಳಲು ಬರುವುದಿಲ್ಲ. ಸಿಲ್ವರ್ ಕ್ಲೋರೈಡಿನ ಕೆಎಸ್‌ಪಿ 1.77 × 10⁻¹⁰, ಕ್ಯಾಲ್ಸಿಯಂ ಫ್ಲೋರೈಡಿನದಕ್ಕಿಂತ ದೊಡ್ಡದು. ಆದರೂ ಮೋಲ್ ಲೆಕ್ಕದಲ್ಲಿ ಹೆಚ್ಚು ಕರಗುವುದು ಕ್ಯಾಲ್ಸಿಯಂ ಫ್ಲೋರೈಡು, ಸುಮಾರು ಹದಿನೈದು ಪಟ್ಟು. ಸೂತ್ರದ ಆಕಾರ ಬೇರೆ ಇದ್ದಾಗ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೇವೆ.

ಅವತ್ತೇ ರಾತ್ರಿ ಇಳಕಲ್ಲಿಗೆ ಫೋನ್ ಮಾಡಬೇಕಿತ್ತು. ಮಾಡಿದ್ದು ಇಳಕಲ್ ಒಬ್ಬನೇ, ಕಾರಿಡಾರಿನ ಆ ತುದಿಯಲ್ಲಿ ನಿಂತು. "ಅವ್ವಾ, ಕ್ಯಾನ್ ನೀರ ಹಾಕು. ಆಕಿ ಹೇಳಿದ್ದ ಬರೋಬ್ಬರಿ ಇತ್ತು" ಅಂದದ್ದು ನಮಗೆ ಕೇಳಿಸಿತು. ನಮ್ಮ ಹೆಸರು ಅವನು ತೆಗೆಯಲಿಲ್ಲ.

ಆದರೆ ಅಜ್ಜಿಯ ಮಾತು ನಮ್ಮನ್ನು ಬಿಡಲಿಲ್ಲ. ಬೇಳೆ ಬೆಣ್ಣೆಯ ಹಾಗೆ ಬೇಯುವ ನೀರು, ನೊರೆ ಬರುವ ನೀರು ಕೆಟ್ಟದ್ದು ಹೇಗೆ? ಮುಂದಿನ ಶನಿವಾರ ಊರಿಗೆ ಹೋದವರು ಒಂದೊಂದು ಬಾಟಲಿ ನೀರು ತಂದೆವು. ಲ್ಯಾಬಿನಲ್ಲಿ ಹೇಗೂ ಗಡಸುತನದ ಪ್ರಯೋಗ ನಡೆದಿತ್ತು. ನೀರಿಗೆ ಅಮೋನಿಯ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎರಡು ಹನಿ ಬಿಟ್ಟು, ಬ್ಯೂರೆಟ್ಟಿನಿಂದ ಇಡಿಟಿಎ ಇಳಿಸುತ್ತ ಹೋಗುವುದು. ವೈನ್ ಕೆಂಪು ಬಣ್ಣ ನೀಲಿಗೆ ತಿರುಗಿದಾಗ ನಿಲ್ಲಿಸುವುದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ ಎಷ್ಟಿವೆ ಅಂತ ಅದರಿಂದ ಗೊತ್ತಾಗುತ್ತದೆ.

ಬಾಗಲಕೋಟೆಯವನು ತಂದ ಬೋರಿನ ನೀರು ನೀಲಿಯಾಗಲು ಒಲ್ಲೆ ಅಂತ ಹಟ ಹಿಡಿಯಿತು. ಅದೇನು ಆಶ್ಚರ್ಯವಲ್ಲ. ಬಾಗಲಕೋಟೆಯ ಸುತ್ತ, ಲೋಕಾಪುರದ ಕಡೆ, ಸುಣ್ಣದ ಕಲ್ಲು ಇದೆ. ಸಿಮೆಂಟ್ ಕಾರ್ಖಾನೆ ಬಂದದ್ದೂ ಆ ಕಲ್ಲಿಗಾಗಿಯೇ. ಹಾಸ್ಟೆಲ್ಲಿನ ಬಕೆಟ್ಟಿನಲ್ಲಿ ನಾವು ಕದ್ದು ಇಳಿಬಿಡುವ ವಾಟರ್ ಹೀಟರ್ ಕಾಯಿಲಿನ ಮೇಲೆ ಕಟ್ಟುವ ಬಿಳಿ ಹೆಕ್ಕಳೆ ಇದೆಯಲ್ಲ, ಅದು ಕ್ಯಾಲ್ಸಿಯಂ ಕಾರ್ಬೊನೇಟು. ಕಾದಾಗ ಬೈಕಾರ್ಬೊನೇಟು ಕಾರ್ಬೊನೇಟಾಗುತ್ತದೆ, ಗುಣಲಬ್ಧ ಕೆಎಸ್‌ಪಿಯನ್ನು ದಾಟುತ್ತದೆ, ಹೆಚ್ಚಾದದ್ದು ಕಾಯಿಲಿಗೆ ಅಂಟುತ್ತದೆ. ಬಾದಾಮಿಯವನ ನೀರು ಮಧ್ಯಮ. ಅವನ ಊರಿನ ಗುಹೆಗಳನ್ನು ಕೊರೆದ ಮರಳುಗಲ್ಲು ಹೆಚ್ಚಾಗಿ ಸಿಲಿಕ, ಈ ಲೆಕ್ಕದಲ್ಲಿ ಅದರ ಪಾತ್ರ ಕಡಿಮೆ. ಹುನಗುಂದದವಳದು ಅವಳ ಹೊಲದ ಬಾವಿಯ ಸವುಳು ನೀರು. ಇಳಕಲ್ಲಿನ ಬಾಟಲಿ ಮಾತ್ರ ಬ್ಯೂರೆಟ್ಟು ತಿರುಗಿಸುತ್ತಿದ್ದಂತೆ ನೀಲಿಯಾಗಿಬಿಟ್ಟಿತು. ಅಜ್ಜಿ ಹೇಳಿದ್ದು ನಿಜ. ಮೆತ್ತನೆಯ ನೀರು.

ಅಲ್ಲೇ ಗಂಟು ಬಿಚ್ಚಿತು. ಸೂತ್ರ ನೋಡಿ. ಗುಣಲಬ್ಧ ಬದಲಾಗುವುದಿಲ್ಲ ಅಂದಮೇಲೆ ಕ್ಯಾಲ್ಸಿಯಂ ಕಡಿಮೆಯಾದರೆ ಫ್ಲೋರೈಡಿಗೆ ಜಾಗ ಹೆಚ್ಚು. ಕಲ್ಲಿನಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಇದ್ದು, ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 100 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಫ್ಲೋರೈಡ್ ಗರಿಷ್ಠ 2.2 ಮಿಲಿಗ್ರಾಂವರೆಗೆ ಏರಬಹುದು. ಕ್ಯಾಲ್ಸಿಯಂ 40 ಇದ್ದರೆ 3.5ರವರೆಗೆ. 20 ಇದ್ದರೆ 5ರವರೆಗೆ. ಬೇಳೆ ಬೇಗ ಬೇಯಿಸುವ, ಸಾಬೂನಿಗೆ ನೊರೆ ಕೊಡುವ ಗುಣ ಯಾವುದರಿಂದ ಬಂತೋ ಅದೇ ಗುಣ ಫ್ಲೋರೈಡಿಗೆ ಬಾಗಿಲು ತೆರೆದಿಡುತ್ತದೆ. ಫ್ಲೋರೈಡಿಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ನಾಲಿಗೆ ಸೀನೀರು ಅನ್ನುತ್ತದೆ. ನಾಲಿಗೆಯದು ತಪ್ಪಲ್ಲ, ಅದಕ್ಕೆ ಗೊತ್ತಿರುವುದು ಅಷ್ಟೇ.

ಇಳಕಲ್ಲಿನ ಗುಲಾಬಿ ಗ್ರಾನೈಟು ದೇಶ ವಿದೇಶಕ್ಕೆ ಹೋಗುವ ಕಲ್ಲು. ಗ್ರಾನೈಟಿನಂಥ ಕಲ್ಲುಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಎಂಬ ಫ್ಲೋರೀನ್ ಹೊತ್ತ ಖನಿಜಗಳು ಇರುವುದುಂಟು. ಬೋರು ಆಳಕ್ಕೆ ಹೋದಷ್ಟೂ ನೀರು ಆ ಕಲ್ಲಿನ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಿರುತ್ತದೆ. ನೆಲದೊಳಗೂ ಕಾಯಿಲಿನ ಮೇಲಿನ ಕಥೆಯೇ ನಡೆಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಾಗಿ ಕೂತುಬಿಟ್ಟರೆ ನೀರಿನಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ, ಫ್ಲೋರೈಡಿನ ಮಿತಿ ಏರುತ್ತದೆ. ಒಂದು ಲವಣದ ಕೆಎಸ್‌ಪಿ ಇನ್ನೊಂದು ಲವಣದ ಬಾಗಿಲು ಕಾಯುತ್ತದೆ.

ಹಾಗಾದರೆ ಗಡಸು ನೀರು ಒಳ್ಳೆಯದೇ ಅಂತ ಯಾರೂ ಹೊರಡಬೇಡಿ. ಫ್ಲೋರೈಡನ್ನು 1.5ಕ್ಕೆ ನಿಲ್ಲಿಸಲು ಎಷ್ಟು ಕ್ಯಾಲ್ಸಿಯಂ ಬೇಕು ಅಂತ ಲೆಕ್ಕ ಹಾಕಿದೆವು. ಲೀಟರಿಗೆ 220 ಮಿಲಿಗ್ರಾಂ ಚಿಲ್ಲರೆ ಬಂತು. ಕುಡಿಯುವ ನೀರಿನಲ್ಲಿ ಕ್ಯಾಲ್ಸಿಯಂ 75 ಇರಲಿ, ಬೇರೆ ದಾರಿ ಇಲ್ಲದಿದ್ದರೆ 200ರವರೆಗೆ ಅನ್ನುತ್ತದೆ ಮಾನಕ. ಅಂದರೆ ಕೆಎಸ್‌ಪಿಯನ್ನೇ ನಂಬಿ ಕೂತರೆ ನೀರು ತಾನಾಗಿ ಸುರಕ್ಷಿತವಾಗುವುದಿಲ್ಲ. ಸುಣ್ಣ ಒಂದನ್ನೇ ಹಾಕಿ ಕುಡಿಯುವ ನೀರಿನ ಫ್ಲೋರೈಡ್ ತೆಗೆಯುವುದು ಸಾಲದೆ ಬರುವುದೂ ಇದರಿಂದಲೇ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆ ಪಟಿಕ ಹಾಕುತ್ತಾರೆ. ಪಟಿಕದಿಂದ ಕಟ್ಟುವ ಮೆತ್ತನೆಯ ಗಸಿ ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಕುದಿಸಿದರೆ ಹೋಗುತ್ತದೆ ಅನ್ನುವುದಂತೂ ಪೂರಾ ಸುಳ್ಳು. ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಬೇಳೆ ಗಂಟೆಗಟ್ಟಲೆ ಕುದಿಯುವ ನೀರಿನ ಬಗ್ಗೆ ಆಶಾ ಕಾರ್ಯಕರ್ತೆ ಯಾಕೆ ಹೇಳಿದಳು ಅಂತ ನಮಗೆ ಆಗ ತಿಳಿಯಿತು.

ಇಷ್ಟೆಲ್ಲ ಸರಿಯಾದ ಮೇಲೂ ಮೇಡಂ ಇನ್ನೊಂದು ಮಾತು ಹೇಳಿದರು. "ಎರಡು ಹಾಕಿದ್ರೂ ನೀವು ಫೋನ್ ಮಾಡಬಾರದಿತ್ತು." ಮೊದಲು ನಮಗೆ ಅರ್ಥವಾಗಲಿಲ್ಲ. ಕೆಎಸ್‌ಪಿ ಹೇಳುವುದು ಹೆಚ್ಚೆಂದರೆ ಎಷ್ಟು ಕರಗಬಹುದು ಅಂತ, ಕೊಡದಲ್ಲಿ ಎಷ್ಟಿದೆ ಅಂತಲ್ಲ. ಕಲ್ಲಿನಲ್ಲಿ ಫ್ಲೋರೈಡೇ ಇಲ್ಲದಿದ್ದರೆ ಸೊನ್ನೆಯೂ ಇರಬಹುದು. ಬೇರೆ ಲವಣಗಳು ಬಹಳ ಇದ್ದರೆ ಪುಸ್ತಕದ ಲೆಕ್ಕ ಸ್ವಲ್ಪ ಜಾರಲೂಬಹುದು. ಸೂತ್ರ ಎಲ್ಲಿ ಹುಡುಕಬೇಕು ಅಂತ ತೋರಿಸುತ್ತದೆ. ಸಿಕ್ಕಿದ್ದೆಷ್ಟು ಅಂತ ಅಳತೆಯೇ ಹೇಳಬೇಕು. ಒಂದು ಮನೆಯ ಒಲೆಯ ಮೇಲಿನ ನೀರಿನ ಬಗ್ಗೆ, ಒಂದು ಹನಿಯನ್ನೂ ಅಳೆಯದೆ, ಹಾಳೆಯ ಬೆನ್ನ ಮೇಲಿನ ಲೆಕ್ಕ ಓದಿ ಹೇಳಿದೆವಲ್ಲ, ಆ ಎರಡಕ್ಕಿಂತ ದೊಡ್ಡ ತಪ್ಪು ಅದು.

ಹಾಗಾಗಿ ನೀರನ್ನು ಸರಿಯಾಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು, ನೀರು ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಕೊಟ್ಟೆವು. ಫ್ಲೋರೈಡ್ ಮಿತಿಗಿಂತ ಹೆಚ್ಚು ಅಂತ ಬಂತು. ಅಂಕಿ ಆ ಮನೆಯದು, ಆ ಬೋರಿನದು. ಪಕ್ಕದ ಓಣಿಯ ಬೋರಿನದು ಬೇರೆಯೇ ಇರಬಹುದು. ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಚೀಟಿ ಕೈಯಲ್ಲಿ ಹಿಡಿದು ನಾಲ್ವರೂ ಇಳಕಲ್ಲಿಗೆ ಹೊರಟೆವು. ತಪ್ಪು ಹೇಳಿದವರು ನಾವು ಅಂದಮೇಲೆ ಮುಖ ತೋರಿಸಿ ಹೇಳಬೇಕು ಅನ್ನುವುದು ಹುನಗುಂದದವಳ ಹಟ. ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕಟ್ಟಿಸಿಕೊಂಡೆವು, ಬರಿಗೈಯಲ್ಲಿ ಹೋಗಲು ಧೈರ್ಯ ಸಾಲಲಿಲ್ಲ. ಹುನಗುಂದ ದಾಟಿದ ಮೇಲೆ ಯಾರೂ ಮಾತಾಡಲಿಲ್ಲ.

ಮನೆಯಲ್ಲಿ ಅವ್ವ ಕುಣಿಮಗ್ಗದ ಮುಂದೆ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಖಾಲಿ ಲಾಳಿ ಹಿಡಿದು ಆಡುತ್ತಿದ್ದಳು. ನಾವು ನಿಂತುಕೊಂಡೇ ಎಲ್ಲ ಹೇಳಿದೆವು. ಎರಡು ಬಿಟ್ಟದ್ದು, 0.11, 7.8, ಅಳೆಯದೆ ಹೇಳಿದ್ದು. ಅರ್ಥವಾಗುವುದಿಲ್ಲ ಅಂದುಕೊಂಡಿದ್ದೆವು. ಅವ್ವ ಕೈ ನಿಲ್ಲಿಸಿ ಕೇಳಿದರು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಅವ್ವ ಆ ಕೂಡಿದ ಜಾಗದ ಮೇಲೆ ಬೆರಳಿಟ್ಟು ಅಂದರು:

"ಇಲ್ಲಿ ಒಂದ ಎಳಿ ಬಿಟ್ರ ಕಣ್ಣಿಗೆ ಕಾಣೂದಿಲ್ಲ. ಸೆರಗ ಹೊತ್ತಾಗ ಕಾಣತೈತಿ. ನೀವು ಎರಡ ಬಿಟ್ಟೀರಿ, ಅಷ್ಟ. ಕುಂದರ್ರಿ, ರೊಟ್ಟಿ ತಿನ್ರಿ."

ಅಜ್ಜಿ ಮಾತ್ರ ಇನ್ನೂ ಒಪ್ಪಿರಲಿಲ್ಲ. "ಈ ಫಿಲ್ಟರ್ ನೀರಾಗ ಬ್ಯಾಳಿಗೆ ರುಚಿನ ಇಲ್ಲ" ಅಂದರು. ಇಳಕಲ್ ಅಜ್ಜಿಯ ಎದುರು ಕೂತು, ಕೈ ಅಡ್ಡ ಇಡದೆ, ತನ್ನ ಹಲ್ಲು ತೋರಿಸಿದ. ಆಮೇಲೆ ಮಗುವಿನ ಕಡೆ ನೋಡಿದ. ಮಾತಿಲ್ಲ. ಹಲ್ಲಿನ ದಂತಕವಚ ಕಟ್ಟುವುದು ಎಳೆ ವಯಸ್ಸಿನಲ್ಲಿ. ಸುಮಾರು ಎಂಟು ವರ್ಷದೊಳಗೆ ಕುಡಿದ ನೀರು ಹಲ್ಲಿನ ಮೇಲೆ ಬರೆದದ್ದು ಆಮೇಲೆ ಅಳಿಸುವುದಿಲ್ಲ. ಅವನದು ಆಗಿಹೋಯಿತು. ಆ ಮಗುವಿನ ಶಾಶ್ವತ ಹಲ್ಲುಗಳು ಈಗ ಒಸಡಿನೊಳಗೆ, ಯಾರಿಗೂ ಕಾಣದಂತೆ, ಕಟ್ಟುತ್ತಿವೆ. ಮೂರು ವಾರದಿಂದ ದೊಡ್ಡ ಹಾನಿ ಆಗಿರಲಿಕ್ಕಿಲ್ಲ ಅಂತ ಮೇಡಂ ಸಮಾಧಾನ ಹೇಳಿದ್ದಾರೆ. ಆದರೆ ಟೆಸ್ಟ್ ಇಲ್ಲದೇ ಇದ್ದಿದ್ದರೆ ಅದು ಮೂರು ವಾರಕ್ಕೆ ನಿಲ್ಲುತ್ತಿರಲಿಲ್ಲ.

ಅಜ್ಜಿ ಎದ್ದು ಹೋಗಿ ಬೇಳೆಯ ಪಾತ್ರೆಗೆ ಕ್ಯಾನಿನಿಂದ ನೀರು ಬಗ್ಗಿಸಿದರು. ಗೊಣಗುವುದು ನಿಲ್ಲಿಸಲಿಲ್ಲ.

ನಮ್ಮ ಜಿಲ್ಲೆಯವರೇ ಆಗಲಿ, ಬೇರೆ ಕಡೆಯವರೇ ಆಗಲಿ, ಮನೆಯಲ್ಲಿ ಬೋರಿನ ನೀರು ಬಳಸುವವರು ಈ ರಜೆಯಲ್ಲಿ ಒಂದು ಬಾಟಲಿ ಹಿಡಿದು ಪರೀಕ್ಷೆಗೆ ಕೊಡಿ. ರುಚಿ ನೋಡಿ ತೀರ್ಮಾನಿಸಬೇಡಿ, ನಮ್ಮ ಹಾಗೆ ಬರೀ ಲೆಕ್ಕ ಮಾಡಿಯೂ ತೀರ್ಮಾನಿಸಬೇಡಿ. ಸೂತ್ರ ಬರೆಯುವಾಗ ಸಮೀಕರಣ ಮೊದಲು ಸರಿದೂಗಿಸಿ. ಯಾರು ಎಷ್ಟು ಜನ ಅಂತ ಎಣಿಸಿ, ಆ ಎಣಿಕೆಯನ್ನು ತಲೆಯ ಮೇಲೆ ಇಡಿ. ಯಾರಾದರೂ ಹಲ್ಲು ಮುಚ್ಚಿಕೊಂಡು ನಕ್ಕರೆ ಗುಟ್ಕಾ ಅನ್ನಬೇಡಿ.

ಈಗ ಅವ್ವ ಫೋನ್ ಮಾಡಿದಾಗಲೆಲ್ಲ ನಮ್ಮ ಮೂವರಿಗೂ ಕೊಡಲು ಹೇಳುತ್ತಾರೆ. ಊಟ ಆಯಿತಾ, ಪರೀಕ್ಷೆ ಯಾವಾಗ ಅಂತ ಕೇಳಿ, ಕೊನೆಗೆ ಒಂದು ಪ್ರಶ್ನೆ ತಪ್ಪುವುದಿಲ್ಲ:

"ಎರಡ ಹಾಕೀರಿಲ್ಲೋ ತಮ್ಮಾ?"

"ಹಾಕೀವ್ರಿ ಆಂಟಿ" ಅನ್ನುತ್ತೇವೆ. ಫೋನ್ ಇಟ್ಟ ಮೇಲೆ ಒಂದು ಸಲ ನೋಟ್‌ಬುಕ್ಕು ತೆಗೆದು ನೋಡುತ್ತೇವೆ.